ಹಿಮ ಕರಗಿದ ಮೇಲೆ ಜಾರುವುದು ಎಲ್ಲಿ?

(ಕಾಲೇಜೊಂದರ ಬೇಸಿಗೆ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಇಂದಿನ ಉಪನ್ಯಾಸದ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಹೊರಗೆ ಬಿಸಿಲು ಸುಡುತ್ತಿದೆ. ನಮ್ಮ ನಾಡಿನಲ್ಲಿ ಹಿಮ ಬೀಳುವುದೂ ಇಲ್ಲ. ಹೀಗಿರುವಾಗ ಸ್ಕೀಯಿಂಗ್ ಮತ್ತು ಸ್ನೋಬೋರ್ಡಿಂಗ್ ಪ್ರಿಯರು ಬೇಸಿಗೆಯಲ್ಲಿ ಏನು ಮಾಡುತ್ತಾರೆಂಬ ಚಿಂತೆ ನಮಗೇಕೆ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆದರೆ ಈ ಸಣ್ಣ ಪ್ರಶ್ನೆಯ ಹಿಂದೆ ಸುಮಾರು ನೂರು ವರ್ಷಗಳ ಸ್ವಾರಸ್ಯಕರ ಇತಿಹಾಸವಿದೆ. ಹಿಮವಿಲ್ಲದಾಗ ಹಿಮದ ಆಟವಾಡುವುದು ಹೇಗೆಂದು ಜನ ಹುಡುಕಿದ ಉಪಾಯಗಳಿಂದ ಹೊಸ ಆಟಗಳೇ ಹುಟ್ಟಿಕೊಂಡವು. ಹಿಮಶಿಖರಗಳಿಲ್ಲದ ಊರಿನ ಮಕ್ಕಳು ಪರ್ವತವಾಸಿಗಳನ್ನೇ ಸೋಲಿಸಿದರು. ಈಗ ಹಿಮದ ನಾಡುಗಳಲ್ಲೇ ಹಿಮ ಕಡಿಮೆಯಾಗುತ್ತಿರುವುದರಿಂದ ಆ ಉಪಾಯಗಳಿಗೆ ಬೇರೆಯೇ ಮಹತ್ವ ಬಂದಿದೆ.

ಮೊದಲು ಈ ಆಟದ ಮೂಲವನ್ನು ನೋಡೋಣ. ‘ಸ್ಕೀ’ ಎಂಬುದು ಪ್ರಾಚೀನ ನಾರ್ಸ್ ಭಾಷೆಯಿಂದ ಬಂದ ಶಬ್ದ. ಸೀಳಿದ ಮರದ ತುಂಡು ಎಂದು ಅದರ ಅರ್ಥ. ಉತ್ತರ ಯೂರೋಪಿನ ಜನರಿಗೆ ಅದು ಸಾವಿರಾರು ವರ್ಷಗಳಿಂದ ಸಂಚಾರದ ಸಾಧನವಾಗಿತ್ತು. ನಮ್ಮ ಹಳ್ಳಿಗಾಡಿನಲ್ಲಿ ಎತ್ತಿನ ಗಾಡಿ ಹೇಗೋ, ಚಳಿಗಾಲದ ನಾರ್ವೆಯಲ್ಲಿ ಸ್ಕೀ ಹಾಗೆ. ಅದನ್ನು ಕ್ರೀಡೆಯಾಗಿ ಬೆಳೆಸಿದವರಲ್ಲಿ ಮುಖ್ಯನಾದವನು ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಸೋಂಡ್ರೆ ನಾರ್‌ಹೈಮ್. ಹತ್ತೊಂಬತ್ತನೆಯ ಶತಮಾನದಲ್ಲಿ ಅವನು ಹಿಮ್ಮಡಿಯನ್ನು ಹಲಗೆಗೆ ಬಿಗಿಯುವ ಕಟ್ಟನ್ನು ಸುಧಾರಿಸಿ, ಇಳಿಜಾರಿನಲ್ಲಿ ತಿರುಗುವುದನ್ನೂ ಹಾರುವುದನ್ನೂ ಒಂದು ಕಲೆಯಾಗಿಸಿದ. 1888ರಲ್ಲಿ ಫ್ರಿಟ್‌ಯೋಫ್ ನಾನ್ಸೆನ್ ಸ್ಕೀ ತೊಟ್ಟು ಗ್ರೀನ್‌ಲ್ಯಾಂಡನ್ನು ದಾಟಿದ ಮೇಲೆ ಯೂರೋಪಿಗೆಲ್ಲ ಸ್ಕೀ ಹುಚ್ಚು ಹಿಡಿಯಿತು.

ಈ ಆಟ ನಡೆಯುವುದು ಒಂದು ಸರಳ ತತ್ತ್ವದಿಂದ. ಹಲಗೆ ಉಜ್ಜಿದ ಬಿಸಿಗೆ ಹಿಮದ ಮೇಲ್ಮೈ ತುಸು ಕರಗಿ, ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರವೊಂದು ಉಂಟಾಗುತ್ತದೆ. ಹಲಗೆ ಜಾರುವುದು ಆ ಪದರದ ಮೇಲೆ. ಭೂಮಿ ಕೆಳಗೆ ಎಳೆಯುತ್ತದೆ, ನೀರು ಜಾರಿಸುತ್ತದೆ, ಹಲಗೆಯ ಅಂಚು ಹಿಮವನ್ನು ಕಚ್ಚಿ ದಿಕ್ಕು ತಿರುಗಿಸುತ್ತದೆ. ಮಲೆನಾಡಿನ ಮಕ್ಕಳು ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಳ್ಳುವಾಗ ಪಡುವ ಖುಷಿಯೂ ಇದೇ ಜಾತಿಯದು. ನುಣುಪಾದ ಹಾಳೆ ನೆಲದ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಹಾಗಾದರೆ ಸ್ಕೀ ಪ್ರಿಯರಿಗೆ ಬೇಕಾದದ್ದು ಹಿಮವೋ ಅಥವಾ ಜಾರುವ ಸುಖವೋ? ಬೇಸಿಗೆಯ ಪರ್ಯಾಯಗಳ ಇತಿಹಾಸವೆಲ್ಲ ಈ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳೇ ಆಗಿವೆ.

ಮೊದಲ ಉತ್ತರ, ಹಿಮವಿದ್ದಲ್ಲಿಗೆ ಹೋಗುವುದು. ಯೂರೋಪಿನಲ್ಲಿ ಬೇಸಿಗೆಯಾದಾಗ ಭೂಮಧ್ಯರೇಖೆಯ ದಕ್ಷಿಣಕ್ಕೆ ಚಳಿಗಾಲ. ಹೀಗಾಗಿ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಬೆಟ್ಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಕೀಯಿಂಗ್ ನಡೆಯುತ್ತದೆ. 1966ರಲ್ಲಿ ಆಲ್ಪೈನ್ ಸ್ಕೀಯಿಂಗ್ ವಿಶ್ವ ಚಾಂಪಿಯನ್‌ಷಿಪ್ ಚಿಲಿ ದೇಶದ ಪೋರ್ಟಿಲೋದಲ್ಲಿ ಆಗಸ್ಟ್ ತಿಂಗಳಿನಲ್ಲಿ ಜರುಗಿತು. ಫ್ರಾನ್ಸಿನ ಜೀನ್ ಕ್ಲಾಡ್ ಕಿಲಿ ಅಲ್ಲಿ ಡೌನ್‌ಹಿಲ್ ಪ್ರಶಸ್ತಿ ಗೆದ್ದ. ಆದರೆ ಬೇಸಿಗೆ ಬಂದಾಗಲೆಲ್ಲ ಸಾಗರ ದಾಟಿ ಹೋಗುವುದು ಎಲ್ಲರ ಕೈಗೆ ಎಟುಕುವ ಮಾತಲ್ಲ.

ದೂರ ಹೋಗಲಾಗದವರು ಎತ್ತರಕ್ಕೆ ಹೋದರು. ಆಲ್ಪ್ಸ್ ಪರ್ವತದ ಹಿಮನದಿಗಳ ಮೇಲೆ ಬೇಸಿಗೆಯಲ್ಲೂ ಹಿಮ ಉಳಿಯುತ್ತದೆ. ಸ್ವಿಟ್ಜರ್‌ಲೆಂಡಿನ ಝೆರ್ಮಾಟ್, ಆಸ್ಟ್ರಿಯಾದ ಹಿಂಟರ್‌ಟುಕ್ಸ್ ವರ್ಷವಿಡೀ ಸ್ಕೀಯಿಂಗ್‌ಗೆ ಹೆಸರಾದ ತಾಣಗಳು. ಇಟಲಿಯ ಸ್ಟೆಲ್ವಿಯೋ ಕಣಿವೆದಾರಿಯದು ಇನ್ನೂ ವಿಚಿತ್ರ. ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ರಸ್ತೆಯೇ ಹಿಮದಿಂದ ಮುಚ್ಚಿಹೋಗುವುದರಿಂದ, ಅಲ್ಲಿನ ಸ್ಕೀ ಕೇಂದ್ರ ಬೇಸಿಗೆಯಲ್ಲಿ ಬಾಗಿಲು ತೆರೆದು ಚಳಿಗಾಲದಲ್ಲಿ ಮುಚ್ಚುತ್ತದೆ!

ಆದರೆ ಹಿಮನದಿಗಳನ್ನು ನಂಬಿ ಕೂರುವ ಕಾಲ ಕಳೆಯುತ್ತಿದೆ. 2022ರ ಬೇಸಿಗೆಯಲ್ಲಿ ಹಿಮದ ಕೊರತೆಯಿಂದ ಝೆರ್ಮಾಟ್ ಕೂಡ ಕೆಲಕಾಲ ಸ್ಕೀಯಿಂಗ್ ನಿಲ್ಲಿಸಬೇಕಾಯಿತು. ಬೊಲಿವಿಯಾದ ಕತೆ ಇದಕ್ಕಿಂತ ಕಠೋರವಾದದ್ದು. ಲಾ ಪಾಸ್ ನಗರದ ಸಮೀಪ 5,300 ಮೀಟರಿಗೂ ಎತ್ತರದಲ್ಲಿ ಚಕಲ್ಟಾಯ ಎಂಬ ಹಿಮನದಿಯಿತ್ತು. ಜಗತ್ತಿನ ಅತಿ ಎತ್ತರದ ಸ್ಕೀ ಕೇಂದ್ರವೆಂದು ಅದು ಪ್ರಸಿದ್ಧವಾಗಿತ್ತು. ವರ್ಷ ವರ್ಷವೂ ಕುಗ್ಗುತ್ತ ಬಂದ ಆ ಹಿಮನದಿ 2009ರ ಹೊತ್ತಿಗೆ ಪೂರ್ತಿ ಮಾಯವಾಯಿತು. ಕಟ್ಟಡ ಉಳಿಯಿತು, ಬರಿಯ ಕಲ್ಲುಬಂಡೆ ಉಳಿಯಿತು, ಹಿಮ ಮಾತ್ರ ಉಳಿಯಲಿಲ್ಲ.

ಎರಡನೆಯ ಉತ್ತರ, ಹಿಮವನ್ನೇ ಮನೆಗೆ ತರುವುದು. ಇದರ ಒಂದು ಆರಂಭಿಕ ಸಾಹಸ ನಡೆದದ್ದು 1927ರಲ್ಲಿ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ರೈಲು ಸಂಚಾರ ನಿಂತುಹೋಗಿದ್ದ ನಾರ್ಥ್‌ವೆಸ್ಟ್ ನಿಲ್ದಾಣದ ವಿಶಾಲ ಚಾವಣಿಯ ಕೆಳಗೆ ಮರದ ಇಳಿಜಾರು ಕಟ್ಟಿ, ಸೋಡಾದಿಂದ ತಯಾರಿಸಿದ ಕೃತಕ ಹಿಮವನ್ನು ಹರಡಿದರು. ಜಿಗಿಯುವವರಿಗಾಗಿ ಎತ್ತರದ ಜಿಗಿಕಟ್ಟೆಯೂ ಇತ್ತು. ‘ಹಿಮದ ಅರಮನೆ’ ಎಂಬ ಹೆಸರು ಹೊತ್ತ ಈ ಕೇಂದ್ರ ಕೆಲವೇ ತಿಂಗಳಲ್ಲಿ ಮುಚ್ಚಿತು. ಸೋಡಾ ಎಷ್ಟೆಂದರೂ ಸೋಡಾ.

ಶೈತ್ಯಾಗಾರದ ತಂತ್ರಜ್ಞಾನ ಬೆಳೆದ ಮೇಲೆ ನಿಜವಾದ ಹಿಮವನ್ನೇ ಒಳಾಂಗಣದಲ್ಲಿ ಮಾಡುವುದು ಸಾಧ್ಯವಾಯಿತು. ಜಪಾನಿನ ಟೋಕಿಯೋ ಸಮೀಪದ ಫುನಬಾಶಿಯಲ್ಲಿ 1993ರಲ್ಲಿ ಸುಮಾರು 500 ಮೀಟರ್ ಉದ್ದದ ಒಳಾಂಗಣ ಇಳಿಜಾರು ತೆರೆಯಿತು. ಜಪಾನಿನ ಆರ್ಥಿಕ ಉಬ್ಬರದ ಕಾಲದಲ್ಲಿ ಯೋಜಿಸಿದ್ದ ಆ ದೈತ್ಯ ಕಟ್ಟಡ 2002ರಲ್ಲಿ ಮುಚ್ಚಿತು. ಅದನ್ನು ಕೆಡವಿದ ಜಾಗದಲ್ಲಿ ಈಗ ಪೀಠೋಪಕರಣದ ಮಳಿಗೆಯಿದೆ. 2005ರಲ್ಲಿ ದುಬೈ ನಗರದ ಮಾರಾಟ ಮಳಿಗೆಯೊಂದರೊಳಗೆ 400 ಮೀಟರ್ ಇಳಿಜಾರಿನ ಸ್ಕೀ ದುಬೈ ಆರಂಭವಾಯಿತು. ಹೊರಗೆ ನಲವತ್ತು ಡಿಗ್ರಿ ದಾಟಿದ ಮರಳುಗಾಡು, ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ಈ ಎರಡರ ನಡುವಿನ ಗೋಡೆಯನ್ನು ಕಾಯುವುದು ವಿದ್ಯುತ್ತು. 2024ರಲ್ಲಿ ಚೀನಾದ ಶಾಂಘೈಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಒಳಾಂಗಣ ಹಿಮಕೇಂದ್ರ ಪ್ರಾರಂಭವಾಯಿತು.

ಮರಳುಗಾಡಿನ ಶ್ರೀಮಂತರ ಶೋಕಿ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ 2020ರಲ್ಲಿ ಸ್ಕೀಯ ತವರಾದ ನಾರ್ವೆಯಲ್ಲೇ, ರಾಜಧಾನಿ ಓಸ್ಲೋ ಪಕ್ಕದಲ್ಲಿ, ವರ್ಷವಿಡೀ ನಡೆಯುವ ಒಳಾಂಗಣ ಹಿಮಕೇಂದ್ರ ಬಾಗಿಲು ತೆರೆಯಿತು. ಕಡಲತೀರದವರು ಉಪ್ಪು ಕೊಳ್ಳಲು ಪೇಟೆಗೆ ಹೋದಂತಾಯಿತು ಇದು.

ಹಿಮವನ್ನು ಉಳಿಸಿಕೊಳ್ಳಲು ಇದಕ್ಕಿಂತ ಸರಳವಾದ ದಾರಿಯೂ ಇದೆ. ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲೂ ಫಿನ್‌ಲೆಂಡ್, ಸ್ವೀಡನ್‌ಗಳ ಕೆಲವು ಕೇಂದ್ರಗಳಲ್ಲೂ ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಅದರ ಮೇಲೆ ಮರದ ಹೊಟ್ಟನ್ನು ದಪ್ಪವಾಗಿ ಹೊದಿಸುತ್ತಾರೆ. ಬೇಸಿಗೆಯೆಲ್ಲ ಹಾಗೆಯೇ ಮಲಗಿದ್ದ ಹಿಮದ ದೊಡ್ಡ ಪಾಲು ಶರತ್ಕಾಲದಲ್ಲಿ ಹೊರಬರುತ್ತದೆ. ಈ ಉಪಾಯ ನಮ್ಮ ದೇಶಕ್ಕೆ ಹೊಸದೇನಲ್ಲ. 1833ರಲ್ಲಿ ಅಮೆರಿಕದ ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ ಬಳಿಯ ಕೆರೆಗಳ ಮಂಜುಗಡ್ಡೆಯನ್ನು ಹೊಟ್ಟು ಮುಚ್ಚಿ, ನಾಲ್ಕು ತಿಂಗಳ ಹಡಗು ಪಯಣದಲ್ಲಿ ಕಲ್ಕತ್ತೆಗೆ ತಂದಿಳಿಸಿದ್ದ. ಅದೇ ವ್ಯಾಪಾರಕ್ಕಾಗಿ ಮದರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್‌ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ.

ಇಷ್ಟು ಹೊತ್ತು ಹಿಮವನ್ನು ಬಿಡಲೊಲ್ಲದವರ ಕತೆ ಹೇಳಿದೆ. ಮೂರನೆಯ ಉತ್ತರ ಹಿಮವನ್ನು ಬಿಟ್ಟು, ಜಾರುವುದನ್ನು ಮಾತ್ರ ಉಳಿಸಿಕೊಂಡವರದು. ನನ್ನ ಮಟ್ಟಿಗೆ ಹೆಚ್ಚು ಕುತೂಹಲಕಾರಿ ಕತೆ ಇದೇ.

1954ರಲ್ಲಿ ಪೂರ್ವ ಜರ್ಮನಿಯ ಓಬರ್‌ಹಾಫ್ ಎಂಬಲ್ಲಿ ಹಾನ್ಸ್ ರೆನ್ನರ್ ಎಂಬ ತರಬೇತುದಾರ ಸ್ಕೀ ಜಿಗಿತದ ಇಳಿಜಾರಿಗೆ ಪ್ಲಾಸ್ಟಿಕ್ ಹಾಸು ಹೊದಿಸಿದ. ನಮ್ಮ ಹುಲ್ಲಿನ ಮಾಡಿನಂತೆ ಒಂದರ ಮೇಲೊಂದು ಪದರವಾಗಿ ಇಳಿಬಿಟ್ಟ ಪ್ಲಾಸ್ಟಿಕ್ ಎಳೆಗಳು ನೀರು ಚಿಮುಕಿಸಿದರೆ ಚೆನ್ನಾಗಿ ಜಾರುತ್ತವೆ. ಜಿಗಿತಗಾರರಿಗೆ ಬೇಸಿಗೆಯೂ ಅಭ್ಯಾಸದ ಕಾಲವಾಯಿತು. ಈ ತಾತ್ಕಾಲಿಕ ಏರ್ಪಾಡು ಎಷ್ಟು ನೆಲೆಯೂರಿತೆಂದರೆ, 1994ರಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಬೇಸಿಗೆಯ ಜಿಗಿತಕ್ಕೆಂದೇ ಗ್ರ್ಯಾನ್ ಪ್ರಿ ಸ್ಪರ್ಧಾ ಸರಣಿಯನ್ನು ಆರಂಭಿಸಿತು.

ಬ್ರಿಟನ್ನಿನಲ್ಲಿ ಇನ್ನೊಂದು ಬಗೆ. ಅಲ್ಲಿ ಆಲ್ಪ್ಸ್‌ನಂಥ ಪರ್ವತಗಳಿಲ್ಲ, ನೆಚ್ಚಿಕೊಳ್ಳುವಷ್ಟು ಹಿಮವೂ ಬೀಳುವುದಿಲ್ಲ. 1960ರ ದಶಕದಲ್ಲಿ ನಗರಗಳ ಅಂಚಿನ ಗುಡ್ಡಗಳಿಗೆ ಪ್ಲಾಸ್ಟಿಕ್ ಕುಂಚಗಳ ಹಾಸು ಹಾಕಿ ‘ಒಣ ಇಳಿಜಾರು’ಗಳನ್ನು ಮಾಡಿದರು. ಬಟ್ಟೆ ತಿಕ್ಕುವ ಬ್ರಷ್ಷನ್ನು ಮಗುಚಿಟ್ಟು ಅದರ ಮೇಲೆ ಜಾರಿದಂತೆ ಎಂದುಕೊಳ್ಳಿ. ಎಡಿನ್‌ಬರೋ ಬಳಿಯ ಹಿಲೆಂಡ್ ಇವುಗಳಲ್ಲಿ ಪ್ರಸಿದ್ಧವಾದದ್ದು. ಬಿದ್ದರೆ ಚರ್ಮ ಸುಲಿಯುತ್ತದೆ. ಹಾಸಿನ ಕಿಂಡಿಗಳಲ್ಲಿ ಸಿಕ್ಕಿ ಹೆಬ್ಬೆರಳು ಉಳುಕುವುದು ಅಲ್ಲಿ ಮಾಮೂಲು. ಆಲ್ಪ್ಸ್‌ಗೆ ಹೋಗಿಬರುವ ಅನುಕೂಲಸ್ಥರು ಇದನ್ನು ನೋಡಿ ಮೂಗು ಮುರಿದರೆ ಆಶ್ಚರ್ಯವಿಲ್ಲ.

ಆದರೆ ಆ ಕುಂಚದ ಹಾಸಿನ ಮೇಲೆ ಕಲಿತವರು ಯಾರು ನೋಡಿ. ಲಂಕಾಷೈರಿನ ಪೆಂಡಲ್ ಎಂಬಲ್ಲಿನ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಬೆಳೆದ ಡೇವ್ ರೈಡಿಂಗ್, 2022ರ ಜನವರಿಯಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಸ್ಲಾಲಂ ಪಂದ್ಯ ಗೆದ್ದ. ಆಗ ಅವನಿಗೆ 35 ವರ್ಷ. ಬ್ರಿಟನ್ನಿನ ಸ್ಪರ್ಧಿಯೊಬ್ಬ ಆಲ್ಪೈನ್ ವಿಶ್ವಕಪ್ ಪಂದ್ಯ ಗೆದ್ದದ್ದು ಅದೇ ಮೊದಲು. ಕೃತಕ ಇಳಿಜಾರಿನಲ್ಲಿ ಸ್ನೋಬೋರ್ಡಿಂಗ್‌ನ ಮೊದಲ ಪಾಠ ಕಲಿತ ಜೆನ್ನಿ ಜೋನ್ಸ್, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದಳು. ಉಕ್ಕಿನ ನಗರ ಶೆಫೀಲ್ಡ್‌ನಲ್ಲಿ 1988ರಲ್ಲಿ ಆರಂಭವಾದ ಸ್ಕೀ ವಿಲೇಜ್ ಎಂಬ ಕೇಂದ್ರ ಹಲವು ಆಟಗಾರರನ್ನು ಬೆಳೆಸಿತು. 2012ರಲ್ಲಿ ಬೆಂಕಿಗೆ ಆಹುತಿಯಾದ ಅದು ಮತ್ತೆ ತೆರೆಯಲಿಲ್ಲ. ಅದೇ ಊರಿನ ಜೇಮ್ಸ್ ವುಡ್ಸ್ 2019ರಲ್ಲಿ ಸ್ಲೋಪ್‌ಸ್ಟೈಲ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದ. ಮನೆಯ ಹತ್ತಿರ ಆ ಒರಟು ಹಾಸುಗಳು ಇಲ್ಲದಿದ್ದರೆ ಇಂಥವರಲ್ಲಿ ಎಷ್ಟು ಮಂದಿ ಸ್ಕೀ ಮುಟ್ಟುತ್ತಿದ್ದರೋ!

ಡೆನ್ಮಾರ್ಕಿನ ಕೋಪನ್‌ಹೇಗನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಪಾಟಾದ ಆ ದೇಶದಲ್ಲಿ ಗುಡ್ಡಗಳೇ ಅಪರೂಪ. ನಗರದ ಕಸವನ್ನು ಉರಿಸಿ ವಿದ್ಯುತ್ತು ಮತ್ತು ಶಾಖ ಉತ್ಪಾದಿಸುವ ಹೊಸ ಸ್ಥಾವರದ ಮಾಡನ್ನೇ ಇಳಿಜಾರಾಗಿ ಕಟ್ಟಿ, ಕೃತಕ ಹಾಸು ಹೊದಿಸಿ, 2019ರಲ್ಲಿ ಸ್ಕೀಯಿಂಗ್‌ಗೆ ತೆರೆದರು. ಸುಮಾರು 85 ಮೀಟರ್ ಎತ್ತರದ ಈ ಕಟ್ಟಡದ ಮೇಲೆ ಬೇಸಿಗೆಯಲ್ಲೂ ಜನ ಜಾರುತ್ತಾರೆ. ಅವರ ಕಾಲ ಕೆಳಗೆ ಊರಿನ ಕಸ ಉರಿಯುತ್ತಿರುತ್ತದೆ.

ಇಳಿಜಾರಿನ ಹಂಗೇ ಬೇಡವೆಂದವರಿಗೆ ರೋಲರ್ ಸ್ಕೀ ಇದೆ. ಮೊಳಕ್ಕಿಂತ ತುಸು ಉದ್ದದ ಪಟ್ಟಿಯ ಹಿಂದೆ ಮುಂದೆ ಚಕ್ರ, ಕೈಯಲ್ಲಿ ಮೊನಚು ತುದಿಯ ಕೋಲು. ಬೇಸಿಗೆಯಲ್ಲಿ ನಾರ್ವೆ, ಸ್ವೀಡನ್‌ಗಳ ಡಾಂಬರು ರಸ್ತೆಗಳಲ್ಲಿ ದೂರದ ಓಟದ ಸ್ಕೀ ಪಟುಗಳು ಇದನ್ನು ತೊಟ್ಟು ಸಾಗುವುದು ಸಾಮಾನ್ಯ ದೃಶ್ಯ. ಹೆಚ್ಚಿನವಕ್ಕೆ ಬ್ರೇಕ್ ಇರುವುದಿಲ್ಲವಾದ್ದರಿಂದ ಇಳಿಜಾರು ರಸ್ತೆಯಲ್ಲಿ ಎಚ್ಚರ ಅಗತ್ಯ. ಟ್ರ್ಯಾಕ್ಟರಿನ ಸರಪಳಿಯಂತೆ ಉರುಳುವ ಪಟ್ಟಿಯುಳ್ಳ ಗಿಡ್ಡ ಸ್ಕೀ ತೊಟ್ಟು ಹುಲ್ಲುಗಾವಲಿನಲ್ಲಿ ಇಳಿಯುವ ಹುಲ್ಲು ಸ್ಕೀಯಿಂಗ್ 1960ರ ದಶಕದಲ್ಲಿ ಯೂರೋಪಿನಲ್ಲಿ ಬಂತು. 1979ರಿಂದ ಅದಕ್ಕೂ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ.

ಮರಳೂ ಬಿಡಲಿಲ್ಲ. ಪೆರು ದೇಶದ ಹುವಾಕಚೀನಾ, ನಮೀಬಿಯಾದ ಸ್ವಾಕೋಪ್‌ಮುಂಡ್ ಮುಂತಾದ ಕಡೆ ಮರಳುದಿಬ್ಬಗಳಿಂದ ಹಲಗೆಯ ಮೇಲೆ ಇಳಿಯುತ್ತಾರೆ. ಮರಳು ಹಿಮದಷ್ಟು ಜಾರದು. ಹಲಗೆಯ ತಳಕ್ಕೆ ಮೇಣ ಉಜ್ಜಬೇಕು, ಇಳಿದ ಮೇಲೆ ನಡೆದೇ ಮೇಲೇರಬೇಕು. ಜರ್ಮನಿಯ ಬವೇರಿಯಾದಲ್ಲಿ ಮೊಂಟೆ ಕವೋಲಿನೊ ಎಂಬ ಸುಮಾರು 120 ಮೀಟರ್ ಎತ್ತರದ ಮರಳುಗುಡ್ಡವಿದೆ. ಅದು ಪ್ರಕೃತಿ ಮಾಡಿದ ಗುಡ್ಡವಲ್ಲ. ಪಿಂಗಾಣಿ ಮಣ್ಣಿನ ಗಣಿಗಾರಿಕೆಯಲ್ಲಿ ಹೊರಬಿದ್ದ ಮರಳಿನ ರಾಶಿ. ಅಲ್ಲಿ ಸ್ಕೀ ತೊಟ್ಟು, ಸ್ನೋಬೋರ್ಡ್ ತೊಟ್ಟು ಜನ ಬೇಸಿಗೆಯಲ್ಲಿ ಜಾರುತ್ತಾರೆ.

ಇನ್ನು ನೀರಿನ ಮಾತು. 1922ರ ಬೇಸಿಗೆಯಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿನೆಂಟರ ಹುಡುಗ, ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೇಕೆ ಜಾರಬಾರದು ಎಂದು ಯೋಚಿಸಿದ. ಮೊದಲು ಪೀಪಾಯಿಯ ಹಲಗೆಗಳನ್ನು ಕಟ್ಟಿಕೊಂಡು ನೋಡಿದ. ಹಿಮದ ಸ್ಕೀಗಳನ್ನೂ ನೋಡಿದ. ಎರಡೂ ಮುಳುಗಿದವು. ಕೊನೆಗೆ ಎಂಟು ಅಡಿ ಉದ್ದದ ಅಗಲ ಹಲಗೆಗಳ ತುದಿಯನ್ನು ಬಿಸಿನೀರಿನಲ್ಲಿ ಬೇಯಿಸಿ ಬಗ್ಗಿಸಿ, ಅಣ್ಣ ನಡೆಸುತ್ತಿದ್ದ ದೋಣಿಯ ಹಿಂದೆ ಹಗ್ಗ ಹಿಡಿದು ಪೆಪಿನ್ ಸರೋವರದ ಮೇಲೆ ಎದ್ದು ನಿಂತ. ಇಂದು ಲೋಕವೆಲ್ಲ ಬಲ್ಲ ವಾಟರ್ ಸ್ಕೀಯಿಂಗ್ ಹುಟ್ಟಿದ್ದು ಹೀಗೆ.

ಸ್ನೋಬೋರ್ಡಿನ ಹುಟ್ಟು ಇದಕ್ಕೆ ತಿರುವುಮುರುವು. ಅಲೆಯ ಮೇಲೆ ಹಲಗೆ ಹಾಕಿ ಸವಾರಿ ಮಾಡುವುದು ಹವಾಯಿ ದ್ವೀಪದವರ ಪುರಾತನ ಕ್ರೀಡೆ. ಕ್ಯಾಲಿಫೋರ್ನಿಯಾದ ಹುಡುಗರು ಸಮುದ್ರದಲ್ಲಿ ಅಲೆ ಏಳದ ದಿನ ಹಲಗೆಗೆ ಚಕ್ರ ಹಾಕಿ ಬೀದಿಯಲ್ಲೇ ಸವಾರಿ ಮಾಡಿದರು. ಅದು ಸ್ಕೇಟ್‌ಬೋರ್ಡ್. 1965ರ ಕ್ರಿಸ್‌ಮಸ್ ದಿನ ಮಿಷಿಗನ್‌ನ ಶರ್ಮನ್ ಪಾಪೆನ್ ತನ್ನ ಮಗಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದೇ ಹಲಗೆ ಮಾಡಿದ. ಹಿಮ ಮತ್ತು ಅಲೆಸವಾರಿಯನ್ನು ಸೂಚಿಸುವ ಇಂಗ್ಲಿಷ್ ಶಬ್ದಗಳನ್ನು ಬೆರೆಸಿ ಅವನ ಹೆಂಡತಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟಳು. ಇಂದಿನ ಸ್ನೋಬೋರ್ಡಿನ ಪೂರ್ವಜ ಅದೇ. ಅಂದರೆ ಈಗ ಬೇಸಿಗೆಯ ಪರ್ಯಾಯವನ್ನು ಹುಡುಕುತ್ತಿರುವ ಈ ಆಟ ತಾನೇ ಬೇಸಿಗೆಯ ಆಟವೊಂದರ ಚಳಿಗಾಲದ ಪರ್ಯಾಯವಾಗಿ ಹುಟ್ಟಿದ್ದು! 1998ರಲ್ಲಿ ಜಪಾನಿನ ನಗಾನೋದಲ್ಲಿ ಅದು ಒಲಿಂಪಿಕ್ ಕ್ರೀಡೆಯಾಯಿತು. ಜಪಾನಿನ ಅಯುಮು ಹಿರಾನೊ 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಸ್ಪರ್ಧಿಸಿ, ಆರೇ ತಿಂಗಳಲ್ಲಿ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನ ಸ್ನೋಬೋರ್ಡಿಂಗ್‌ನಲ್ಲಿ ಚಿನ್ನ ಗೆದ್ದ. ಬೀಜಿಂಗ್‌ನ ಆ ಕ್ರೀಡಾಕೂಟದ ಹಿಮ ಬಹುತೇಕ ಯಂತ್ರಗಳು ಸೃಷ್ಟಿಸಿದ್ದೇ ಆಗಿತ್ತು ಎಂಬುದನ್ನೂ ನೆನಪಿಡಬೇಕು.

ನಮ್ಮ ದೇಶದ ಮಟ್ಟಿಗೆ ಪರ್ಯಾಯವೆಂಬುದು ಶೋಕಿಯಲ್ಲ, ಅನಿವಾರ್ಯ. ಮನಾಲಿ ಪಕ್ಕದ ಶಿವ ಕೇಶವನ್ ಲ್ಯೂಜ್ ಎಂಬ ಮಂಜುಗಡ್ಡೆಯ ಜಾರುಬಂಡಿ ಸ್ಪರ್ಧೆಯಲ್ಲಿ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅದರ ಓಣಿ ನಮ್ಮಲ್ಲಿ ಇರಲಿಲ್ಲ. ಅವರು ಬಂಡಿಗೆ ಚಕ್ರ ಜೋಡಿಸಿ ಹಿಮಾಲಯದ ರಸ್ತೆಗಳಲ್ಲಿ ವಾಹನಗಳ ನಡುವೆಯೇ ಅಭ್ಯಾಸ ಮಾಡಿದರು. ಇನ್ನು ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ, ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ ದೂರ ಓಟದ ಸ್ಕೀಯಿಂಗ್ ಕಲಿತು, 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾಗವಹಿಸಿದರು. 2025ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಸ್ಪರ್ಧೆಯೊಂದರಲ್ಲಿ ಅವರಿಗೆ ಕಂಚು ಸಿಕ್ಕಿದ್ದು ಎಲ್ಲಿ? ನಾನು ಆಗಲೇ ಹೇಳಿದ ದಕ್ಷಿಣಾರ್ಧದ ಚಿಲಿಯಲ್ಲಿ.

ಹಿಮಾಲಯದಲ್ಲಿ ಹಿಮಕ್ಕೇನು ಬರ ಎನ್ನಬೇಡಿ. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್ ಹಿಮವಿಲ್ಲದೆ ಬೋಳಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು.

ಮಿತ್ರರೆ, ಈ ಎಲ್ಲ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಹಿಮವನ್ನು ಬೆನ್ನಟ್ಟಿ ಹೋದವರಿಗೆ, ಹಿಮವನ್ನು ಗೋಡೆಯೊಳಗೆ ಕೂಡಿಹಾಕಿದವರಿಗೆ ಹಣ ಬೇಕಾಯಿತು, ವಿದ್ಯುತ್ತು ಬೇಕಾಯಿತು. ಅವರಿಗೆ ಸಿಕ್ಕಿದ್ದು ಹಳೆಯ ಆಟವೇ. ಹಿಮವನ್ನು ಬಿಟ್ಟುಕೊಟ್ಟವರಿಗೆ ಮಾತ್ರ ಹೊಸ ಆಟಗಳು ಸಿಕ್ಕವು, ಹೊಸ ಆಟಗಾರರೂ ಸಿಕ್ಕರು. ಹೊಸದಾಗಿ ಬಿದ್ದ ಹಿಮದ ಮೌನ, ಆ ಬಿಳುಪು, ಮುಖಕ್ಕೆ ಬಡಿಯುವ ಆ ಚಳಿಗಾಳಿ ಪ್ಲಾಸ್ಟಿಕ್ಕಿನಲ್ಲಿ ಇಲ್ಲವೆಂದು ಸ್ಕೀ ಪ್ರಿಯರು ಹೇಳುವುದು ನಿಜ. ಅದನ್ನು ಯಾವ ಹಾಸೂ ಕೊಡದು. ಆದರೆ ಕಲಿಯುವ ಅವಕಾಶವನ್ನು ಅದು ಕೊಡುತ್ತದೆ, ಅದೂ ಬಡಾವಣೆಯ ಮಗ್ಗುಲಲ್ಲೇ.

ಇಷ್ಟು ಹೇಳಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಮನುಷ್ಯ ಜಾಣ, ಆಟಕ್ಕೆ ಹೇಗೋ ಒಂದು ಬದಲಿ ಕಂಡುಕೊಳ್ಳುತ್ತಾನೆ ಎಂಬ ನೆಮ್ಮದಿಯಲ್ಲಿ ನಾವು ಮರೆಯಬಾರದ ಸಂಗತಿಯೊಂದಿದೆ. ಬೆಟ್ಟದ ಮೇಲಿನ ಹಿಮ ಬರಿಯ ಆಟದ ಸಾಮಗ್ರಿಯಲ್ಲ. ಚಳಿಗಾಲದಲ್ಲಿ ಕೂಡಿಟ್ಟ ನೀರನ್ನು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡುವ ಕಣಜ ಅದು. ಲಾ ಪಾಸ್‌ನ ಜನ ಕಳೆದುಕೊಂಡದ್ದು ಒಂದು ಸ್ಕೀ ಕೇಂದ್ರವನ್ನು ಮಾತ್ರ ಅಲ್ಲ. ಸಿಂಧೂ, ಗಂಗಾ, ಬ್ರಹ್ಮಪುತ್ರಾ ನದಿಗಳೂ ಬೇಸಿಗೆಯಲ್ಲಿ ಇಂಥ ಕಣಜವನ್ನೇ ನೆಚ್ಚಿಕೊಂಡಿವೆ. ಸ್ಕೀಗೆ ಚಕ್ರ ಹಾಕಬಹುದು, ಗುಡ್ಡಕ್ಕೆ ಪ್ಲಾಸ್ಟಿಕ್ ಹೊದಿಸಬಹುದು. ಬೇಸಿಗೆಯ ಹೊಳೆಗೆ ಹಾಗೆ ಹೊದಿಸುವ ಬದಲಿ ಯಾವುದೂ ಇಲ್ಲ.